ಸೆಟ್ಟಮ್ಮನ ಕೈಗುಣ

ಆ ಬೀದಿಯಲ್ಲಿ ವಯಸ್ಸಾದವರು ಯಾರಾದರೂ ಬಾಯಿ ತುಂಬ ನಕ್ಕರೆ ಆ ನಗುವಿನಲ್ಲಿ ಅರ್ಧ ಪಾಲು ಸೆಟ್ಟಮ್ಮನದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಬೊಚ್ಚುಬಾಯಿಗೆ ಸೆಟ್ಟು ಕಟ್ಟಿಕೊಡುವುದು ಅವಳ ಕೆಲಸ. ಹಲ್ಲುಸೆಟ್ಟಿನ ಅಮ್ಮ ಎನ್ನುತ್ತಿದ್ದವರ ನಾಲಿಗೆ ಸೋಮಾರಿಯಾಗಿ ಸೆಟ್ಟಮ್ಮ ಎಂದಾಯಿತು. ಹೆಸರು ಕೇಳಿ, ಇವರ ಅಂಗಡಿ ಎಲ್ಲಿದೆ ಎಂದು ಹೊಸಬರು ವಿಚಾರಿಸಿದ್ದೂ ಉಂಟು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರ ಕೂತರೂ ಬೆರಳ ತುದಿಯಲ್ಲೇ ಕಂಡುಹಿಡಿಯುವ ಕೈ ಅದು. ಇಂಥ ಕೈಗೆ ಕೈಗುಣವಿಲ್ಲ ಎಂದು ಇಪ್ಪತ್ತು ವರ್ಷದಿಂದ ಅವಳೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಂಬಿಸಿ ಕತ್ತು ಕೊಯ್ದರು ಎನ್ನುತ್ತಾರಲ್ಲ, ಹಾಗೆ ಕೊಯ್ಯಿಸಿಕೊಂಡವಳ ಕಥೆ ಇದು. ಸಿಟ್ಟು ಬಾರದಂತೆ ಇದನ್ನು ಹೇಳಲಾಗುವುದಿಲ್ಲ.

ಗಂಡ ತೀರಿಕೊಂಡಾಗ ಮಡಿಲಲ್ಲಿದ್ದ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಕುಡಿದ ಹಾಲನ್ನು ಕಕ್ಕುತ್ತಿತ್ತು, ಕಕ್ಕದಿದ್ದರೆ ಅಳುತ್ತಿತ್ತು, ಕೈಕಾಲು ಕಡ್ಡಿ. ಅಕ್ಕ ಬಂದು ನೋಡಿ, ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

"ನಿನ್ನ ಕೈಗುಣ ಸರಿಯಿಲ್ಲ ಕಣೇ. ಸ್ವಲ್ಪ ದಿನ ನನ್ನ ಹತ್ರ ಇರ್ಲಿ. ಮೈ ಹಿಡೀಲಿ, ಆಮೇಲೆ ಕರ್ಕೊಂಡು ಹೋಗು."

ಅಕ್ಕನಿಗೆ ಮಕ್ಕಳಿರಲಿಲ್ಲ. ಹಿತ್ತಲು ತುಂಬ ಗಿಡಗಳಿದ್ದವು. ಒಣಕೋಲು ನೆಟ್ಟರೂ ಚಿಗುರಿಸುವವಳು ಎಂದು ಸುತ್ತಲ ಬೀದಿಗಳಲ್ಲಿ ಅವಳಿಗೆ ಹೆಸರು. ಮಗುವೂ ಅಲ್ಲಿಗೆ ಹೋದ ಸ್ವಲ್ಪ ಕಾಲಕ್ಕೆ ದುಂಡಗಾಯಿತು. ಕರೆತರಲು ಸೆಟ್ಟಮ್ಮ ಹೋದಾಗ ಅಕ್ಕ ಹಿತ್ತಲಿನಿಂದ ಒಂದು ತುಂಡು ಶುಂಠಿ ತಂದು ಅವಳ ಅಂಗೈಯಲ್ಲಿಟ್ಟಳು. "ಮೊದ್ಲು ಇದನ್ನ ಬೆಳೆಸಿ ತೋರ್ಸು. ಶುಂಠಿ ಬೆಳೆಸೋಕೆ ಬಂದ್ರೆ ಮಗು ಬೆಳೆಸೋಕೂ ಬರುತ್ತೆ," ಎಂದು ನಕ್ಕಳು. ಸೆಟ್ಟಮ್ಮನೂ ನಕ್ಕಳು. ಆ ಶುಂಠಿ ಹುಟ್ಟಲಿಲ್ಲ.

ತಮಾಷೆಯ ಮಾತು ಮರುವರ್ಷ ಅಷ್ಟೇನೂ ತಮಾಷೆಯಾಗಿರಲಿಲ್ಲ. ಅದರ ಮುಂದಿನ ವರ್ಷಗಳಲ್ಲಿ ಯಾರೂ ನಗುತ್ತಿರಲಿಲ್ಲ. ಪ್ರತಿ ಸಲ ನೆಡುವ ಕಾಲಕ್ಕೆ ಅಕ್ಕ ಶುಂಠಿ ಕೊಡುವುದು, ಸೆಟ್ಟಮ್ಮ ನೆಡುವುದು, ಅದು ಮಣ್ಣಿನಲ್ಲೇ ಕೊಳೆಯುವುದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಅವಳ ಕೈ ಮಾತ್ರ ವರ್ಷ ವರ್ಷ ಕೆಸರಾಯಿತು. ಒಂದು ತುಂಡು ಶುಂಠಿಗಾಗಿ ಯಾರಾದರೂ ಹೆತ್ತ ಮಗುವನ್ನು ಬಿಡುತ್ತಾರೆಯೇ ಎಂದು ಕೇಳುವವರು ಕೇಳಲಿ, ಕೇಳುವುದಕ್ಕೇನು. ಗಂಡ ಹೋಗಿ, ಮಗು ಸೊರಗಿ, ಅದೇ ಮಗು ಇನ್ನೊಬ್ಬಳ ತೋಳಲ್ಲಿ ಗುಂಡುಗುಂಡಾಗಿ ನಗುವುದನ್ನು ನೋಡಿದವಳು ಮಣ್ಣನ್ನು ಬೈಯುವುದಿಲ್ಲ, ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ. ಒಮ್ಮೆ ಅಕ್ಕನಿಗೆ ತಿಳಿಸದೆ ತರಕಾರಿ ಅಂಗಡಿಯ ಶುಂಠಿ ತಂದು ನೆಟ್ಟಳು. ತೊಳೆದು ಬೆಳ್ಳಗೆ ಮಾಡಿದ ಶುಂಠಿ, ಯಾವ ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತೋ. ಅದೂ ಹುಟ್ಟದಿದ್ದಾಗ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಮಗಳನ್ನು ಕರೆತರುವ ಮಾತು ಬಿಟ್ಟಳು, ಶುಂಠಿ ನೆಡುವುದನ್ನು ಮಾತ್ರ ಬಿಡಲಿಲ್ಲ.

ಮಗಳು ಅಕ್ಕನನ್ನು ಅಮ್ಮ ಎಂದಳು, ಹೆತ್ತವಳನ್ನು ಚಿಕ್ಕಮ್ಮ ಎಂದಳು. ಹೆತ್ತವಳು ಯಾರೆಂದು ಅವಳಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ಎಳವೆಯಲ್ಲಿ ಬಾಯಿಗೆ ಬಂದ ಮಾತು ಬಾಯಲ್ಲೇ ಕೂತಿತ್ತು, ಅಷ್ಟೆ. ಅಕ್ಕನಿಗೆ ನೀನು ಎನ್ನುವಳು, ಹೆತ್ತವಳಿಗೆ ನೀವು. ಈ ಎರಡಕ್ಷರದ ಮರ್ಯಾದೆ ಸೆಟ್ಟಮ್ಮನಿಗೆ ಪ್ರತಿ ಭಾನುವಾರ ಎದೆಗೆ ಚುಚ್ಚುತ್ತಿತ್ತು. ಭಾನುವಾರ ಅವಳು ಅಕ್ಕನ ಮನೆಯಲ್ಲಿ ಊಟ ಮಾಡಿ, ಮಗಳ ತಲೆ ಬಾಚಿ, ಸಂಜೆ ಬಸ್ಸು ಹತ್ತುವಳು. ಮಗಳ ಮೊದಲ ಹಾಲುಹಲ್ಲು ಬಿದ್ದದ್ದು ವಾರದ ನಡುವೆ. ಊರಿಗೆಲ್ಲ ಹಲ್ಲು ಕೂರಿಸುವವಳು ಆ ಹಲ್ಲನ್ನು ನೋಡಲಿಲ್ಲ. ಅವಳು ಹೋಗುವ ಹೊತ್ತಿಗೆ ಅಕ್ಕ ಅದನ್ನು ಎಸೆದಾಗಿತ್ತು.

ಈ ವರ್ಷ ಹುಡುಗಿಗೆ ಕೆಲಸ ಸಿಕ್ಕಿತು. ರಕ್ತ ಪರೀಕ್ಷೆ ಮಾಡುವ ಲ್ಯಾಬು, ಸೆಟ್ಟಮ್ಮನ ಮನೆಯಿಂದ ನಡೆದೇ ಹೋಗಬಹುದು. ಅಕ್ಕನ ಮನೆಯಿಂದಾದರೆ ಬಸ್ಸು ಬದಲಿಸಿ ಬದಲಿಸಿ ಬರಬೇಕು. ಒಂದು ಸಂಜೆ ಕೆಲಸ ಮುಗಿಸಿ ಬಂದವಳು, ಸೆಟ್ಟಮ್ಮ ಕೊಟ್ಟ ಟೀ ಕುಡಿಯುತ್ತ ಕೇಳಿದಳು.

"ಚಿಕ್ಕಮ್ಮ, ನಾನು ನಿಮ್ಮನೆಗೇ ಬಂದುಬಿಡ್ಲಾ?"

ಬಾ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅವಳ ಕಣ್ಣೆದುರು ಬಂದದ್ದು ಹಾಲು ಕಕ್ಕುತ್ತಿದ್ದ ಆ ಕಡ್ಡಿ ಮಗು. ತನ್ನ ಮನೆಗೆ ಬಂದರೆ ಈ ಚೆಂದದ ಹುಡುಗಿ ಮತ್ತೆ ಸೊರಗಿಬಿಟ್ಟರೆ? "ನೋಡೋಣ ಪುಟ್ಟಿ," ಎಂದಳು. ಮನಸ್ಸಿನಲ್ಲಿ ಒಂದು ಪಂದ್ಯ ಕಟ್ಟಿಕೊಂಡಳು: ಈ ಸಲ ಶುಂಠಿ ಹುಟ್ಟಿದರೆ ಬಾ ಎನ್ನುತ್ತೇನೆ, ಹುಟ್ಟದಿದ್ದರೆ ಇಲ್ಲ.

ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಸುಖಕ್ಕೂ ದುಃಖಕ್ಕೂ ಅಕ್ಕನ ಕಿವಿಯೇ ಅಭ್ಯಾಸ; ಹೋಗಿ ಹೇಳಿದಳು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆಗ್ಲಿ ಕಣೇ. ಎಷ್ಟಂದ್ರೂ ನಿನ್ನ ಮಗಳು. ಈ ಸಲ ಒಳ್ಳೊಳ್ಳೆ ಗೆಡ್ಡೆ ನಾನೇ ಆರಿಸಿ ಕೊಡ್ತೀನಿ," ಎಂದಳು. ಸೆಟ್ಟಮ್ಮ ಅಕ್ಕನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಇಂಥ ಅಕ್ಕ ಯಾರಿಗಿರುತ್ತಾಳೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡಳು.

ಅಕ್ಕನಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿಸಿಕೊ ಎಂದರೆ, ಮಾಡಿಸೋಣ, ಏನವಸರ ಎನ್ನುವಳು. ಹಿಂದಿನ ವಾರ ಟೀಗೆ ಸಕ್ಕರೆಯೆಂದು ಉಪ್ಪು ಹಾಕಿದ್ದಳಂತೆ. ಭಾವ ರಾತ್ರಿ ಪಾಳಿಯ ಕಾವಲುಗಾರರು. ನಿದ್ದೆಗಣ್ಣಲ್ಲಿ ಅದನ್ನೂ ಕುಡಿದು ಮಲಗಿದರಂತೆ. ಹೀಗಿದ್ದೂ ಶುಂಠಿಯನ್ನು ಅವಳು ತಾನೇ ತುಂಡು ಮಾಡಿ, ಎಂದಿನಂತೆ ಒಲೆಯ ಬೂದಿ ಬಳಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಕೊಯ್ದ ಕಡೆ ಕೊಳೆ ಹಿಡೀಬಾರ್ದು ಅಂತ ಹಚ್ಚಿದೀನಿ. ತೊಳೀಬೇಡ, ಉಜ್ಜಬೇಡ, ಹಾಗೇ ಮಣ್ಣಿಗೆ ಹಾಕು," ಎನ್ನುವುದು ಪ್ರತಿ ವರ್ಷದ ಮಾತು. ಬೂದಿ ಹಚ್ಚುವುದೇನೂ ಸುಳ್ಳಲ್ಲ, ತಿಳಿದವರು ಹಚ್ಚುತ್ತಾರೆ.

ಶುಂಠಿ ಬೆಳೆಸುವುದು ಬ್ರಹ್ಮವಿದ್ಯೆಯೂ ಅಲ್ಲ. ಅಗಲ ಬಾಯಿಯ ಪಾತ್ರೆ ಬೇಕು, ಆಳ ಬೇಕಿಲ್ಲ. ಸೆಟ್ಟಮ್ಮನ ಬಳಿ ಬಟ್ಟೆ ನೆನೆಸುವ ಹಳೆಯ ಟಬ್ಬಿತ್ತು. ಹಲ್ಲು ತಿದ್ದುವ ಮಿಷನ್ನನ್ನೇ ಕ್ಲಿನಿಕ್ಕಿನಿಂದ ತಂದು ಅದರ ತಳಕ್ಕೆ ತೂತು ಕೊರೆದಿದ್ದಳು. ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ ಸಡಿಲವಾಗಿ ತುಂಬಿದಳು. ಶುಂಠಿಗೆ ಕಣ್ಣು ಅಂತ ಇರುತ್ತವೆ, ಗೆಣ್ಣಿನ ಬಳಿ ಸಣ್ಣ ಮೊಗ್ಗಿನ ಹಾಗೆ. ಮೊಳಕೆ ಬರುವುದು ಅಲ್ಲಿಂದಲೇ. ಆ ಕಣ್ಣು ಮೇಲಕ್ಕಿರುವಂತೆ ಇಡಬೇಕು, ಮೇಲೆ ಎರಡು ಬೆರಳಷ್ಟು ಮಣ್ಣು, ಅದರ ಮೇಲೆ ಒಣ ಎಲೆ. ಬೂದಿಯಲ್ಲಿ ಮುಚ್ಚಿಹೋದ ಗೆಡ್ಡೆಯಲ್ಲಿ ಕಣ್ಣು ಎಲ್ಲಿ ಎಂದು ಸೆಟ್ಟಮ್ಮನಿಗೆ ಎಂದೂ ಕಂಡಿದ್ದಿಲ್ಲ. ಅಂದಾಜಿನ ಮೇಲೆ ಇಡುತ್ತಿದ್ದಳು. ಮೇಣದ ಒಸಡಿನಲ್ಲಿ ಕೂದಲೆಳೆ ಹುಡುಕುವ ಬೆರಳು ಅಕ್ಕ ಕೊಟ್ಟದ್ದನ್ನು ಒಂದು ಸಲವೂ ತಡವಿ ನೋಡಲಿಲ್ಲ. ಅಕ್ಕ ಉಜ್ಜಬೇಡ ಎಂದಿದ್ದಳಲ್ಲ.

ನೆಟ್ಟ ಮೇಲೆ ಶುಂಠಿ ಮನುಷ್ಯರ ತಾಳ್ಮೆ ತಿನ್ನುತ್ತದೆ. ವಾರಗಟ್ಟಲೆ ಸದ್ದಿಲ್ಲ. ನೀರು ಹೆಚ್ಚಾದರೆ ಕೊಳೆ, ಕಡಿಮೆಯಾದರೆ ಒಣಗು. ಸೆಟ್ಟಮ್ಮ ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಟಬ್ಬಿನ ಮುಂದೆ ಕೂರುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, ಇನ್ನು ಆಶೆಯಿಲ್ಲ ಎಂದು ಎಲೆ ಸರಿಸಿದಾಗ, ಮೂಲೆಯಲ್ಲೊಂದು ಹಸಿರು ಮೊನೆ ಕಂಡಿತು. ಹುಲ್ಲಿರಬೇಕು ಎಂದುಕೊಂಡಳು. ಬೆರಳಲ್ಲಿ ಮುಟ್ಟಿ, ಆ ಬೆರಳು ಮೂಸಿ ನೋಡಿದಳು. ಶುಂಠಿಯೇ. ಆ ದಿನ ಒಬ್ಬ ಮೇಷ್ಟರ ಸೆಟ್ಟಿನಲ್ಲಿ ಎಡದ ಹಲ್ಲನ್ನು ಬಲಕ್ಕೆ ಕೂರಿಸಿ ಡಾಕ್ಟರಿಂದ ಬೈಸಿಕೊಂಡಳು, ಬೈಸಿಕೊಳ್ಳುತ್ತಲೇ ನಕ್ಕಳು.

ಎಲೆ ಬಿಚ್ಚುವವರೆಗೂ ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂಬ ಭಯ. ಒಳಕೋಣೆಯ ಹಳೆಯ ಸಾಮಾನು ಖಾಲಿ ಮಾಡಿದಳು, ಗೋಡೆ ಒರೆಸಿದಳು, ಕಿಟಕಿಗೆ ಪರದೆ ಹೊಲಿದಳು. ಉಳಿದ ಗೆಡ್ಡೆಗಳು ಮಾತ್ರ ಮಣ್ಣಲ್ಲಿ ಸತ್ತಂತೆಯೇ ಇದ್ದವು. ಇರಲಿ, ಒಂದು ಸಾಕಲ್ಲ. ಭಾನುವಾರ ಆ ಒಂದನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಡಬ್ಬಿಯೊಂದರಲ್ಲಿಟ್ಟು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೊರಟಳು. ಅಕ್ಕ ಎಷ್ಟು ಖುಷಿ ಪಡುತ್ತಾಳೆ ಎಂಬುದೇ ಅವಳ ತಲೆಯಲ್ಲಿದ್ದದ್ದು.

ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಭಾವ ಒಳಗೆ ಮಲಗಿದ್ದರು. ಪುಟ್ಟಿ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಸೆಟ್ಟಮ್ಮ ಡಬ್ಬಿಯನ್ನು ಅಕ್ಕನ ಎದುರಿಗಿಟ್ಟು, "ನೋಡಕ್ಕ," ಎಂದಳು.

ಅಕ್ಕ ಮುಖವನ್ನು ಹತ್ತಿರ ತಂದಳು, ಕಣ್ಣು ಕಿರಿದು ಮಾಡಿದಳು. ಕಾಣಲಿಲ್ಲವೇನೋ, ಬೆರಳಿನಿಂದ ಎಲೆ ಮುಟ್ಟಿದಳು. ಎಲೆಯಿಂದ ದಂಟಿಗೆ, ದಂಟಿನಿಂದ ಬುಡಕ್ಕೆ ಬೆರಳು ಇಳಿಯಿತು. ಆಮೇಲೆ ತನಗೆ ತಾನೇ ಎಂಬಂತೆ ಹೇಳಿದಳು.

"ಇದೊಂದು ಹೇಗೆ ಉಳೀತು?"

ಹೇಗೆ ಹುಟ್ಟಿತು ಎಂದಿದ್ದರೆ ಸೆಟ್ಟಮ್ಮ ನಕ್ಕು ಕಥೆ ಹೇಳುತ್ತಿದ್ದಳು. ಹುಟ್ಟಿತು ಎನ್ನಬೇಕಾದ ಕಡೆ ಅಕ್ಕ ಉಳೀತು ಎಂದಿದ್ದಳು. ತೆಗೆದುಹಾಕಿದವುಗಳ ನಡುವೆ ತಪ್ಪಿಸಿಕೊಂಡದ್ದಕ್ಕೆ ತಾನೇ ಉಳಿಯಿತು ಎನ್ನುವುದು?

"ಉಳೀತು ಅಂದ್ರೆ ಏನಕ್ಕ?"

"ಅದೇ ಕಣೇ, ಹುಟ್ಟಿದೆಯಲ್ಲ ಅಂತ."

"ಉಳೀತು ಅಂದೆ ನೀನು."

ಅಕ್ಕ ಮತ್ತೆ ಚಾಕು ಎತ್ತಿಕೊಂಡು ತರಕಾರಿ ಹೆಚ್ಚತೊಡಗಿದಳು. ಸೆಟ್ಟಮ್ಮ ಡಬ್ಬಿಯಿಂದ ಗಿಡವನ್ನು ಎಳೆದು, ನಲ್ಲಿಯ ಕೆಳಗೆ ಹಿಡಿದಳು. ಮಣ್ಣು ಹೋಯಿತು, ಬೂದಿ ಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಹೆಬ್ಬೆರಳು ಅಕ್ಕ ಕೊಟ್ಟ ಶುಂಠಿಯ ಮೈಮೇಲೆ ಓಡಾಡಿತು. ಗೆಣ್ಣು ಗೆಣ್ಣಿಗೂ ಒಂದೊಂದು ನುಣುಪಾದ ಸಣ್ಣ ಕುಳಿ. ಹಲ್ಲು ಕಿತ್ತ ಒಸಡನ್ನು ಅವಳು ಎಷ್ಟು ಕಂಡಿಲ್ಲ. ಎರಡು ಕವಲುಗಳ ಸಂದಿಯಲ್ಲಿ ಒಂದೇ ಒಂದು ಕಣ್ಣು ಅಕ್ಕನ ಪೊರೆಗಣ್ಣಿಗೆ ಕಾಣದೆ ಉಳಿದಿತ್ತು, ಮೊಳಕೆ ಬಂದಿದ್ದು ಅದರಿಂದ.

"ಈ ಕಣ್ಣುಗಳನ್ನೆಲ್ಲ ಯಾರು ಕಿತ್ತಿದ್ದು?"

"ಮೆಲ್ಲಗೆ ಮಾತಾಡು. ನಿಮ್ಮ ಭಾವ ಮಲಗಿದಾರೆ."

ಸೆಟ್ಟಮ್ಮ ಮೆಲ್ಲಗೇ ಕೇಳಿದಳು. ಅಭ್ಯಾಸ ನೋಡಿ, ಕತ್ತು ಕೊಯ್ದವಳ ಮನೆಯಲ್ಲೂ ದನಿ ಎತ್ತಬಾರದೆಂಬ ಮರ್ಯಾದೆ. "ಎಷ್ಟು ವರ್ಷದಿಂದ ಅಕ್ಕ?"

"ಮೊದಲನೇ ವರ್ಷ ನಾನೇನೂ ಮಾಡಿಲ್ಲ. ಅದು ತಾನಾಗೇ ಹುಟ್ಲಿಲ್ಲ, ಆಣೆ ಮಾಡಿ ಹೇಳ್ತೀನಿ. ಆಮೇಲೆ ಭಯ ಆಯ್ತು. ಮುಂದಿನ ಸಲ ಹುಟ್ಟಿಬಿಟ್ರೆ ಮಗು ಹೋಗಿಬಿಡುತ್ತಲ್ಲ ಅಂತ."

"ಈ ಸಲ ನಾನು ಬಂದು ಎಲ್ಲ ಹೇಳಿದ್ನಲ್ಲ. ನಿನ್ನ ಕೈ ಹಿಡ್ಕೊಂಡು ಅತ್ನಲ್ಲ."

"ಹೇಳ್ದೆ. ಅದಕ್ಕೇ ಎರಡೆರಡು ಸಲ ತಡವಿ ನೋಡ್ದೆ, ಒಂದೂ ಇರಬಾರ್ದು ಅಂತ."

ಈ ಮಾತಿನಲ್ಲಿ ಪಶ್ಚಾತ್ತಾಪವಿದೆಯೇ ಎಂದು ಸೆಟ್ಟಮ್ಮ ಅಕ್ಕನ ಮುಖ ನೋಡಿದಳು. ಕೆಲಸ ಪೂರ್ತಿ ಆಗಲಿಲ್ಲವೆಂಬ ಬೇಸರವಿತ್ತು. ಅಕ್ಕ ಚಾಕು ಕೆಳಗಿಟ್ಟಳು. "ಏನು ಕಮ್ಮಿ ಮಾಡಿದೀನಿ ಹೇಳು? ಚೆನ್ನಾಗಿ ಬೆಳೀಲಿಲ್ವಾ? ಓದ್ಲಿಲ್ವಾ? ಕದ್ದು ಮುಚ್ಚಿ ಇಟ್ಕೊಂಡಿದ್ನಾ? ಭಾನುವಾರ ಭಾನುವಾರ ನೋಡ್ತಾನೇ ಇದ್ಯಲ್ಲ."

"ನನಗೆ ಕೈಗುಣ ಇಲ್ಲ ಅಂತ ನಂಬಿಸಿದ್ಯಲ್ಲ ಅಕ್ಕ. ಬೇರೆಯವರ ಮಗುನ ಎತ್ಕೊಳ್ಳೋಕೂ ಹೆದರ್ಕೊಂಡು ಬದುಕಿದೀನಿ ನಾನು. ನಿನಗೇ ಬೇಕಾಗಿದ್ರೆ ಬಾಯಿಬಿಟ್ಟು ಕೇಳಬೇಕಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಸೆಟ್ಟಮ್ಮ ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಇಲ್ಲ," ಎಂದಳು.

"ಮತ್ತೆ?" ಎಂದಳು ಅಕ್ಕ.

ಆ ಒಂದು ಮಾತಿನಲ್ಲಿ ಅಕ್ಕ ಲೆಕ್ಕ ಚುಕ್ತಾ ಮಾಡಿಬಿಟ್ಟಳು. ಕೇಳಿದರೆ ಸಿಗದ್ದನ್ನು ಕೇಳದೆ ತೆಗೆದುಕೊಂಡೆ, ಇದರಲ್ಲಿ ತಿಳಿಯದಿರುವುದು ಏನಿದೆ ಎನ್ನುವ ಹಾಗೆ. ಸೆಟ್ಟಮ್ಮ ಮನಸ್ಸಿನಲ್ಲೇ ಅಂದುಕೊಂಡಳು: ಅಪ್ಪ ಅಮ್ಮ ಹೋದ ಮೇಲೆ ಭೂಮಿಯ ಮೇಲೆ ನನಗೆ ಇದ್ದದ್ದು ಇವಳೊಬ್ಬಳು, ನಾನು ಹಿಡಿದುಕೊಂಡು ಅತ್ತ ಕೈಯಿಂದಲೇ ಮರುದಿನ ಕೂತು ಶುಂಠಿಯ ಕಣ್ಣುಗಳನ್ನು ಒಂದೊಂದಾಗಿ ಚಿವುಟಿದಳು. ಅಳು ಬರಲಿಲ್ಲ. ಮೋಸ ಹೋದವರಿಗೆ ಮೊದಲು ಬರುವುದು ನಾಚಿಕೆ. ಕಣ್ಣಿದ್ದೂ ಕುರುಡಿಯಾದೆನಲ್ಲ ಎಂಬ ನಾಚಿಕೆ.

ಮಹಡಿಯ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಪುಟ್ಟಿ ಖಾಲಿ ಬುಟ್ಟಿ ಹಿಡಿದು ಇಳಿದು ಬಂದಳು. ಅವಳನ್ನು ನೋಡಿ ಸೆಟ್ಟಮ್ಮನಿಗೆ ಹೋದ ಜೀವ ಬಂದಂತಾಯಿತು. ತನ್ನ ಜೊತೆಗೆ ಮೋಸ ಹೋದವಳು ಇನ್ನೊಬ್ಬಳಿದ್ದಾಳೆ. ಇಬ್ಬರನ್ನೂ ಸೇರಿಸಿಯೇ ವಂಚಿಸಿದ್ದಲ್ಲವೇ ಇದು? ಗೆಡ್ಡೆಯನ್ನು ಅವಳ ಮುಂದೆ ಹಿಡಿದಳು.

"ನೋಡು ಪುಟ್ಟಿ, ನಿಮ್ಮ ದೊಡ್ಡಮ್ಮ ಮಾಡಿರೋದು."

ಹುಡುಗಿ ಗೆಡ್ಡೆ ನೋಡಿದಳು, ಅದರ ಕುಳಿಗಳನ್ನು ನೋಡಿದಳು. ಇದೇನು ಎಂದು ಕೇಳಲಿಲ್ಲ. ಅಕ್ಕನ ಕಡೆ ತಿರುಗಿ, ಬೇಸರದಿಂದ, "ಈ ಸಲವೂ ಮಾಡಿದ್ಯಾ ಅಮ್ಮ?" ಎಂದಳು.

ಸೆಟ್ಟಮ್ಮ ಮಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ನಿನಗೆ ಗೊತ್ತಿತ್ತಾ?"

ಹುಡುಗಿ ಬುಟ್ಟಿಯನ್ನು ಕೆಳಗಿಟ್ಟಳು. "ಚಿಕ್ಕವಳಿದ್ದಾಗ ನಾನೇ ಚಿವುಟ್ತಿದ್ದೆ ಚಿಕ್ಕಮ್ಮ. ನನ್ನ ಉಗುರು ಸಣ್ಣದು, ಸಂದಿಗೆಲ್ಲ ಸರಿಯಾಗಿ ಹೋಗುತ್ತೆ ಅಂತ ಅಮ್ಮ ಪಕ್ಕದಲ್ಲಿ ಕೂರಿಸ್ಕೊಳ್ತಿದ್ಲು. ನಾನು ಆಟ ಅಂದ್ಕೊಂಡಿದ್ದೆ."

"ಆಟ ಅಲ್ಲ ಅಂತ ಯಾವಾಗ ಗೊತ್ತಾಯ್ತು?"

"ಹೈಸ್ಕೂಲಿಗೆ ಬಂದಾಗ. ಕಣ್ಣಿಲ್ಲದೆ ಮೊಳಕೆ ಬರಲ್ಲ ಅಂತ ಪಾಠದಲ್ಲಿತ್ತು. ಆವತ್ತಿಂದ ನಾನು ಕೂರ್ಲಿಲ್ಲ. ಅಮ್ಮ ಒಬ್ಬಳೇ ಮಾಡ್ಕೊಳ್ತಿದ್ಲು."

"ನನಗೆ ಹೇಳ್ಲಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ಕೆಟ್ಟ ಹುಡುಗಿಯಲ್ಲ ಅವಳು, ಸುಳ್ಳು ಪೋಣಿಸಲು ಬರುತ್ತಿರಲಿಲ್ಲ. ಅದೊಂದು ಹೆತ್ತವಳಿಂದ ಬಂದಿತ್ತು. "ಹೇಳಿದ್ರೆ ನೀವು ನನ್ನ ಕರ್ಕೊಂಡು ಹೋಗ್ತಿದ್ರಿ," ಎಂದಳು.

ಅಕ್ಕ ಮುಖ ತಿರುಗಿಸಿಕೊಂಡಳು. ಗೆದ್ದ ಮುಖವನ್ನು ತೋರಿಸಬಾರದೆಂಬ ಅಷ್ಟು ದಯೆ ಅವಳಲ್ಲಿ ಉಳಿದಿತ್ತೇನೋ. ಸೆಟ್ಟಮ್ಮನಿಗೆ ಅಕ್ಕ ಮಾಡಿದ್ದು ಈಗ ದೊಡ್ಡದೆನಿಸಲಿಲ್ಲ. ಅಕ್ಕ ಕಿತ್ತದ್ದು ಭಯದಿಂದ. ಮಗಳು ಬಾಯಿ ಮುಚ್ಚಿಕೊಂಡದ್ದು ಬರಲು ಇಷ್ಟವಿಲ್ಲದೆ. ಅಷ್ಟು ಭಾನುವಾರ ಎದುರು ಕೂತು ತಲೆ ಬಾಚಿಸಿಕೊಳ್ಳುತ್ತ, ಪಾಪ ಚಿಕ್ಕಮ್ಮ, ಈ ಸಲವೂ ಹುಟ್ಟಲಿಲ್ವಾ ಎಂದು ಕೇಳಿದ್ದಳು ಈ ಹುಡುಗಿ. ಕೇಳಿದ್ದನ್ನು ಪ್ರೀತಿ ಎಂದುಕೊಂಡು ಸೆಟ್ಟಮ್ಮ ವಾರವೆಲ್ಲ ಅದನ್ನೇ ನೆನೆಯುತ್ತಿದ್ದಳು.

ಗೆಡ್ಡೆಯನ್ನು ತರಕಾರಿಯ ಪಕ್ಕದಲ್ಲಿಟ್ಟು, ಕೈ ತೊಳೆದುಕೊಂಡು, ಚೀಲ ಹೆಗಲಿಗೇರಿಸಿದಳು. "ಊಟ ಮಾಡ್ಕೊಂಡು ಹೋಗೇ," ಎಂದಳು ಅಕ್ಕ, ಏನೂ ಆಗದವಳಂತೆ. ಸೆಟ್ಟಮ್ಮ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಹುಡುಗಿ ಗೇಟಿನವರೆಗೆ ಹಿಂದೆಯೇ ಬಂದಳು. ಕ್ಷಮಿಸಿ ಎನ್ನುತ್ತಾಳೇನೋ ಎಂದು ಸೆಟ್ಟಮ್ಮ ನಿಂತಳು.

"ನಾನು ಕೇಳಿದ್ನಲ್ಲ ಚಿಕ್ಕಮ್ಮ... ಶುಂಠಿ ಹುಟ್ಟಿದ್ರೆ ಬಾ ಅಂತೀರಂತೆ, ಅಮ್ಮ ಹೇಳಿದ್ಲು. ಈಗ ಹುಟ್ಟಿದೆಯಲ್ಲ. ಬಂದುಬಿಡ್ಲಾ ನಾನು? ಆ ಬಸ್ಸು ನಿಜವಾಗ್ಲೂ ಸಾಕಾಗಿಹೋಗಿದೆ."

ಇಪ್ಪತ್ತು ವರ್ಷ ಕಾದ ಪ್ರಶ್ನೆ. ಬಾ ಎನ್ನಲು ಅಡ್ಡಿಯೇನೂ ಉಳಿದಿರಲಿಲ್ಲ. ಕೈಗುಣಕ್ಕೆ ಕೊರತೆಯಿರಲಿಲ್ಲ, ಕೋಣೆ ಒರೆಸಿ ಸಿದ್ಧವಾಗಿತ್ತು, ಕಿಟಕಿಗೆ ಪರದೆ ಬಂದಿತ್ತು. ಸೆಟ್ಟಮ್ಮ ಮಗಳ ಮುಖವನ್ನು ಚೆನ್ನಾಗಿ ನೋಡಿದಳು.

"ನಿಮ್ಮಮ್ಮನ್ನ ಕೇಳು," ಎಂದಳು.

ಮಗಳ ಎದುರು ಅಕ್ಕನನ್ನು ದೊಡ್ಡಮ್ಮ ಎಂದಲ್ಲದೆ ಅವಳು ಒಂದು ದಿನವೂ ಬೇರೆ ಮಾತಿನಲ್ಲಿ ಕರೆದವಳಲ್ಲ. ಹುಡುಗಿಗೂ ಅದು ಗೊತ್ತಿತ್ತು. ಅವಳ ಮುಖ ಬಿಳಿಚಿತು.

"ಚಿಕ್ಕಮ್ಮ..."

"ಹೂಂ. ಚಿಕ್ಕಮ್ಮನೇ," ಎಂದು ಹೇಳಿ ಸೆಟ್ಟಮ್ಮ ಬಸ್ ನಿಲ್ದಾಣದ ಕಡೆ ನಡೆದಳು.